ಬೋರ್ಡಿನ ಬೆನ್ನು

ಇಡೀ ಪಟ್ಟಣ ಮುಂದಿನಿಂದ ನೋಡುವುದನ್ನೆಲ್ಲ ಆ ಮನೆಯವರು ಹಿಂದಿನಿಂದ ನೋಡುತ್ತಿದ್ದರು. ಅದು ಅವರ ಭಾಗ್ಯವೋ ಅಲ್ಲವೋ, ಕೊಟ್ಟ ದೇವರಿಗೇ ಗೊತ್ತು. ಮೂರನೇ ಮಹಡಿಯಲ್ಲಿ ಮನೆ, ಮನೆಯ ಮೇಲೆ ಬಯಲು ಛಾವಣಿ. ಛಾವಣಿಯ ಮೋಟುಗೋಡೆಗೆ ಮೊಣಕೈ ಊರಿ ನಿಂತರೆ ರಸ್ತೆಯಾಚೆ ನಗರದ ದೊಡ್ಡ ಮೈದಾನ. ಕಟ್ಟಿಸಿದ ಪುಣ್ಯಾತ್ಮ ಯಾರೋ, ಮೈದಾನದ ಬೆನ್ನನ್ನು ಈ ಬೀದಿಗೆ ತಿರುಗಿಸಿ ಕಟ್ಟಿಸಿದ್ದ. ಬೇಸಿಗೆ ಬಂತೆಂದರೆ ಅಲ್ಲಿ ಹಗಲೆಲ್ಲ ಆಟ, ಸಂಜೆಯಾದರೆ ಹಾಡು, ನಾಟಕ, ಕುಣಿತ. ವೇದಿಕೆಯ ಹಿಂಭಾಗ ಇವರ ಕಡೆಗಿತ್ತು. ಹಾಗಾಗಿ ರಾಜನ ಪಾತ್ರದವನು ಕಿರೀಟ ಕಳಚಿ ಪರಪರ ತಲೆ ಕೆರೆದುಕೊಳ್ಳುವುದನ್ನು ಇವರು ಕಂಡಿದ್ದರು. ಜನರನ್ನೆಲ್ಲ ಅಳಿಸಿ ಬಂದ ಗಾಯಕಿ ಪರದೆಯ ಹಿಂದೆ ಕಾಲಿಟ್ಟ ಕೂಡಲೇ ಸೋಡಾ ಬಾಟಲಿಗೆ ಕೈ ಚಾಚುವುದನ್ನೂ ಕಂಡಿದ್ದರು. ಓಟದ ಪಂದ್ಯವಾದರೆ ಒಂದು ತಿರುವು ಮಾತ್ರ ಕಾಣುತ್ತಿತ್ತು. ಓಟಗಾರರು ಆ ತಿರುವಿನಲ್ಲಿ ಬಾಗಿ ಬಂದು ದೊಡ್ಡ ಸ್ಕೋರ್ ಬೋರ್ಡಿನ ಮರೆಗೆ ಹೋಗಿಬಿಡುತ್ತಿದ್ದರು. ಗೆರೆ ದಾಟುವುದು ಬೋರ್ಡಿನ ಆಚೆ. ಗೆದ್ದವರು ಯಾರೆಂದು ಜನರ ಕೂಗು ಕೇಳಿ ಊಹಿಸಿಕೊಳ್ಳಬೇಕು.

ಒಂದು ಕಾಲದಲ್ಲಿ ಊಹಿಸುವ ಗೋಜೇ ಇರಲಿಲ್ಲ. ಬೋರ್ಡಿನ ಬೆನ್ನಿಗೆ ಅಂಟಿಕೊಂಡಂತೆ ಒಂದು ಕಬ್ಬಿಣದ ಅಟ್ಟಣಿಗೆ. ಅದರ ಮೇಲೆ ನಿಂತು, ಕಿಂಡಿಗಳಿಗೆ ತಗಡಿನ ಅಂಕಿಗಳನ್ನು ಜೋಡಿಸುತ್ತಿದ್ದವರು ಆ ಮನೆಯ ಹಿರಿಯರೇ. ಮೈದಾನದಲ್ಲಿ ಅವರನ್ನು ಎಲ್ಲರೂ ತಗಡಜ್ಜ ಎನ್ನುತ್ತಿದ್ದರು, ತಲೆ ನರೆಯುವ ಮೊದಲಿನಿಂದಲೂ.

ಆ ಮನೆಗೆ ಸೊಸೆಯಾಗಿ ಬಂದವಳಿಗೆ ಇದು ತಿಳಿದದ್ದು ಮೊದಲ ಬೇಸಿಗೆಯಲ್ಲಿ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದವಳನ್ನು ಅತ್ತೆ ಕೈಹಿಡಿದು ಎಳೆದುಕೊಂಡೇ ಛಾವಣಿಗೆ ಓಡಿದ್ದರು. "ಬಾರೇ, ಬಾರೇ, ಬೇಗ! ನಿಮ್ಮ ಮಾವ ಹೇಳ್ತಾರೆ ಈಗ."

"ಮಾವನವರು ಗ್ರೌಂಡಲ್ಲಿದ್ದಾರಲ್ಲ ಅತ್ತೆ?"

"ಅಲ್ಲಿಂದಲೇ ಹೇಳೋದು. ನೋಡ್ತಿರು."

ಮೈದಾನದೊಳಗೆ ಜನ ಹೋ ಎಂದು ಎದ್ದರು. ಬೋರ್ಡಿನ ಬೆನ್ನಿನಲ್ಲಿ ಗುಬ್ಬಿಯಷ್ಟು ಕಾಣುತ್ತಿದ್ದ ಮನುಷ್ಯ ಒಂದು ತಗಡು ತೆಗೆದುಕೊಂಡ. ಅದನ್ನು ಕಿಂಡಿಗೆ ಹಾಕಲಿಲ್ಲ. ಮನೆಯ ಕಡೆ ತಿರುಗಿ ತಲೆಯ ಮೇಲೆ ಎತ್ತಿ ಹಿಡಿದ. ಅಂಕಿ ಐದು. ಐದನೇ ಲೇನಿನವನು ಮೊದಲು ಬಂದಿದ್ದಾನೆ ಎಂದರ್ಥ. ಅತ್ತೆ ಹೆಗಲ ಮೇಲಿದ್ದ ಹಳದಿ ಟವೆಲನ್ನು ಗಾಳಿಯಲ್ಲಿ ಬೀಸಿದರು, ಕಂಡೆ ಎನ್ನುವಂತೆ. ಆಮೇಲೆ ಆತ ತಿರುಗಿ ತಗಡನ್ನು ಕಿಂಡಿಗೆ ಹಾಕಿದ. ಹೀಗೆಯೇ ಎರಡನೆಯವನದು, ಮೂರನೆಯವನದು.

"ಊರಿಗೆಲ್ಲ ಆಮೇಲೆ ಗೊತ್ತಾಗೋದು," ಎಂದಿದ್ದರು ಅತ್ತೆ, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ. "ಮೊದಲು ನಮ್ಮನೆಗೆ."

ಒಬ್ಬ ಗಂಡಸು ಹೆಂಡತಿಗೆ ಏನೇನೋ ತಂದುಕೊಡುತ್ತಾನೆ. ಇವರು ಪ್ರತಿ ಬೇಸಿಗೆಯಲ್ಲೂ ಪಂದ್ಯದ ಫಲಿತಾಂಶ ಕೊಡುತ್ತಿದ್ದರು.

ಈಗ ಅತ್ತೆ ಇಲ್ಲ. ಅವರು ತೀರಿಕೊಂಡ ವರ್ಷದ ಬೇಸಿಗೆಯಲ್ಲೇ ಮಾವ ಕೆಲಸ ಬಿಟ್ಟರು. ಮುಂದಿನ ವರ್ಷ ಬೋರ್ಡಿಗೆ ಕರೆಂಟಿನ ದೀಪಗಳು ಬಂದವು. "ಬಲ್ಬು ಹಾಕಿದ ಮೇಲೆ ನನಗಲ್ಲೇನು ಕೆಲಸ?" ಎಂದು ಅವರು ಅಂದದ್ದನ್ನೇ ಮನೆಯವರು ಕಾರಣವೆಂದುಕೊಂಡರು. ಗುಜರಿಗೆ ಹಾಕಲು ಹೊರಟಿದ್ದ ತಗಡುಗಳನ್ನು ಗೋಣಿಚೀಲದಲ್ಲಿ ತುಂಬಿ ಮನೆಗೆ ತಂದರು. ಆಮೇಲೆ ಮೈದಾನದ ಗೇಟಿನೊಳಗೆ ಕಾಲಿಡಲಿಲ್ಲ.

ಸೊಸೆ ಕೈಯಲ್ಲಿ ಯಾವುದೂ ದಂಡವಾಗುತ್ತಿರಲಿಲ್ಲ. ತಗಡುಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ ಪಾತ್ರೆಗಳ ಮೇಲೆ ಮುಚ್ಚಳ ಮಾಡಿದಳು. ನಾಲ್ಕು ಮೊಸರಿನ ಗಡಿಗೆಗೆ, ಎರಡು ಅನ್ನದ ಪಾತ್ರೆಗೆ, ಆರು ಹಿಟ್ಟಿನ ಡಬ್ಬಕ್ಕೆ, ಮೂರು ಕುಡಿಯುವ ನೀರಿನ ಕೊಳಗಕ್ಕೆ. ಎಂಟರ ಮೇಲೆ ತರಕಾರಿ ಹೆಚ್ಚುವುದು. "ಏ, ಎರಡು ತೆಗೆದು ನೋಡು, ಅನ್ನ ಬೆಂದಿದ್ಯಾ?" ಎಂಬ ಮಾತು ಆ ಮನೆಯಲ್ಲಿ ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ.

*

ಈ ಬೇಸಿಗೆಯ ಮೊದಲ ವಾರ. ಸೆಕೆಗೆ ಮನೆಯೊಳಗೆ ಕೂರಲಾಗದೆ ಎಂದಿನಂತೆ ರಾತ್ರಿಯೂಟ ಛಾವಣಿಗೆ ಏರಿತ್ತು. ಅನ್ನ, ಬೇಳೆ, ಹೆಚ್ಚಿದ ಸೌತೆಕಾಯಿ, ಮೊಸರು. ಮೈದಾನದಲ್ಲಿ ಯಾವುದೋ ವಾದ್ಯಗೋಷ್ಠಿ. ಕಹಳೆ ಊದುವವರ ಬೋಳುತಲೆಗಳು ಹಿಂದಿನಿಂದ ಮಿರಿಮಿರಿ ಹೊಳೆಯುತ್ತಿದ್ದವು.

ಮಗಳು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದಳು. ಹಾರಿ ಬರುವ ಈ ಅಭ್ಯಾಸಕ್ಕೇ ಅವಳಿಗೆ ಮಿಡತೆ ಎಂದು ಹೆಸರು ಬಿದ್ದಿತ್ತು.

"ಅಪ್ಪ, ನನಗೆ ನಂಬರ್ ಕೊಟ್ರು!"

"ಯಾರ ನಂಬರೇ?" ಎಂದ ಅಪ್ಪ, ಅನ್ನ ಕಲಸುತ್ತ. ಅವನು ಸಿಟಿ ಬಸ್ಸಿನ ಡ್ರೈವರ್. ದಿನವೆಲ್ಲ ಹಾರನ್ನು ಕೇಳಿ ಕೇಳಿ ಮನೆಯಲ್ಲಿ ಅರ್ಧ ಮಾತು ಅವನ ಕಿವಿಗೆ ಬೀಳುತ್ತಿರಲಿಲ್ಲ.

"ಓಡೋ ನಂಬರಪ್ಪ! ಬೇಸಿಗೆ ಕೂಟದಲ್ಲಿ ನಾನೂರು ಮೀಟರ್. ನಮ್ಮ ಕಾಲೇಜಿಂದ ನಾನೊಬ್ಳೇ."

"ಎಲ್ಲಿ? ಈ ಎದುರಿನ ಗ್ರೌಂಡಲ್ಲಾ?"

"ಇನ್ನೆಲ್ಲಿ? ತಾತನ ಗ್ರೌಂಡಲ್ಲೇ."

ಎಲ್ಲರ ಕಣ್ಣೂ ತಾತನ ಕಡೆ ಹೊರಳಿತು. ಅವರು ಮೊಸರಿನ ಮೇಲಿನ ನಾಲ್ಕನ್ನು ತೆಗೆದು, ಬಡಿಸಿಕೊಂಡು, ಅಂಕಿ ನೆಟ್ಟಗೆ ಕಾಣುವಂತೆ ಮತ್ತೆ ಮುಚ್ಚಿದರು. "ಒಳ್ಳೇದಾಗ್ಲಿ ಕಂದ. ಮಲಗೋವಾಗ ಕಾಲಿಗೆ ಎಣ್ಣೆ ಹಚ್ಕೋ."

"ಎಣ್ಣೆ ಇರ್ಲಿ ತಾತ, ನೀನು ಬರ್ಬೇಕು. ಮನೆಯವರಿಗೆ ಅಂತ ಪಾಸ್ ಕೊಡ್ತಾರೆ."

"ನಾನು ಇಲ್ಲಿಂದಲೇ ನೋಡ್ತೀನಿ."

"ಇಲ್ಲಿಂದ ಏನು ಕಾಣುತ್ತೆ? ನನ್ನ ಬೆನ್ನು ಕಾಣುತ್ತೆ."

"ಬೆನ್ನು ನೋಡಿದ್ರೆ ಸಾಕು, ನನಗೆ ಗುರುತು ಸಿಗುತ್ತೆ."

"ಅದೂ ಕಾಣಲ್ಲ ಬಿಡು ಅಪ್ಪ," ಎಂದ ಡ್ರೈವರ್ ಮಗ. ಅವನು ಕೈ ತೋರಿದ ಕಡೆ ಎಲ್ಲರೂ ನೋಡಿದರು. ಮೈದಾನದ ಈ ಬದಿಯಲ್ಲಿ ಹೊಸ ಗ್ಯಾಲರಿಗಾಗಿ ಕಂಬಗಳು ಎದ್ದಿದ್ದವು. ತಲೆಯ ಮೇಲೆ ಕಬ್ಬಿಣದ ಸರಳುಗಳನ್ನು ಕೂದಲಿನಂತೆ ಕೆದರಿಕೊಂಡು ಸಾಲಾಗಿ ನಿಂತಿದ್ದವು. "ಮುಂದಿನ ಬೇಸಿಗೆಗೆ ಗೋಡೆ ಬರುತ್ತಂತೆ. ಆಮೇಲೆ ನಮಗೆ ಆಕಾಶವೇ ಗತಿ."

ಕಹಳೆಯವರು ಮುಗಿಸಿದರು, ಜನ ಚಪ್ಪಾಳೆ ತಟ್ಟಿದರು, ಮಾವ ಸೌತೆಕಾಯಿ ಅಗಿದರು.

ಕೆಳಗೆ ಬಂದು ಪಾತ್ರೆ ತೊಳೆಯುವಾಗ ಸೊಸೆ ಗಂಡನಿಗೆ ಹೇಳಿದಳು, "ನೋಡ್ರೀ, ಆ ದಿನ ನೀವು ರಜೆ ಹಾಕಿ ಮನೇಲಿರಿ. ನಾನು ಹೋಗ್ತೀನಿ ಗ್ರೌಂಡಿಗೆ."

"ಕೂಟದ ದಿನ ರಜೆಯಾ? ಊರಿನ ಬಸ್ಸೆಲ್ಲ ಗ್ರೌಂಡಿಗೇ ಬಿಡ್ತಾರೆ. ರಜೆ ಅಂದ್ರೆ ಡಿಪೋ ಮ್ಯಾನೇಜರು ನನ್ನನ್ನೇ ಚಕ್ರದ ಕೆಳಗೆ ಹಾಕ್ತಾನೆ."

"ಹಾಗಾದ್ರೆ ನಿಮ್ಮಪ್ಪನ್ನ ಯಾರು ನೋಡ್ಕೊಳ್ಳೋದು? ಅವರು ಬರಲ್ಲ ಅಂತಾರೆ. ಒಬ್ಬರನ್ನೇ ಬಿಟ್ಟು ಹೋಗೋ ಹಾಗಿಲ್ಲ."

ಬಿಡುವ ಹಾಗಿರಲಿಲ್ಲ, ನಿಜ. ಕಳೆದ ಚಳಿಗಾಲದಲ್ಲಿ ಮಾವ ಮೆಟ್ಟಿಲ ತಿರುವಿನಲ್ಲಿ ಜಾರಿ ಬಿದ್ದು, ಕೆಳಗಿನ ಮನೆಯ ಟೀಚರಮ್ಮ ತರಕಾರಿ ತರಲು ಹೊರಟವರು ಕಾಣುವ ತನಕ ಅಲ್ಲೇ ಮಲಗಿದ್ದರು. ಅಂದಿನಿಂದ ಅವರ ಜೊತೆ ಒಬ್ಬರಾದರೂ ಇರಲೇಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಒಬ್ಬರೆಂದರೆ ಯಾರು? ಸೊಸೆ.

"ಟೀಚರಮ್ಮನ್ನ ಕೇಳು."

"ಬೇಸಿಗೆ ರಜಕ್ಕೆ ಅವರು ಮಗಳ ಮನೆಗೆ ಹೋದ್ರು. ನಿಮಗೆ ಗೊತ್ತಿರೋದಾದ್ರೂ ಏನು?" ಅವಳು ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದಳು. "ಮೂಲೆ ಟೈಲರ್ ಅಂಗಡೀಲಿ ವರ್ಷಗಟ್ಟಲೆ ಆ ಗ್ರೌಂಡಿನವರ ಬಟ್ಟೆ ಹೊಲಿದಿದ್ದೀನಿ ನಾನು. ಕುಣಿಯೋರ ಲಂಗ, ನಾಟಕದವರ ಕೋಟು, ಓಡೋರ ಚಡ್ಡಿಗೆ ಎಲಾಸ್ಟಿಕ್ಕು. ನಾನು ಹೊಲಿದ ಲಂಗ ಒಳಗೆ ಹೋಗಿ ಕುಣಿದು ಬಂತು, ನಾನು ಒಂದಿನ ಒಳಗೆ ಹೋಗಿಲ್ಲ. ಮೊದಲು ಮಿಡತೆ ಸಣ್ಣವಳು, ಆಮೇಲೆ ಅತ್ತೆಗೆ ಕಾಲು ನೋವು, ಈಗ ಮಾವ. ಹೋಗ್ಲಿ. ಹೆತ್ತ ಮಗಳು ಓಡೋದನ್ನಾದ್ರೂ ನೋಡ್ಬೇಡ್ವಾ?"

ಗಂಡ ತಲೆ ಕೆರೆದುಕೊಂಡ. ಗೋಡೆಯಾಚೆ ಮಾವನ ಕೆಮ್ಮು ಕೇಳಿಸಿತು. ಕೇಳಿಸಿಕೊಂಡರೆಂದು ಅವಳಿಗೆ ಅರಿವಾಯಿತು. ಕೇಳಿಸಿಕೊಳ್ಳಲಿ ಎಂದೂ ಅನಿಸಿತು.

*

ವಾರಗಳು ಉರುಳಿದವು. ಮಿಡತೆ ಬೆಳಗಾಗುವ ಮುಂಚೆ ಎದ್ದು ಓಡಲು ಹೋಗುವಳು. ಬೆವರಿನಲ್ಲಿ ತೊಯ್ದು ಬಂದವಳೇ ಕೊಳಗದ ಮೇಲಿನ ಮೂರನ್ನು ಎತ್ತಿ, ಗಟಗಟ ನೀರು ಕುಡಿದು, ಮೂರನ್ನು ನೆಲದ ಮೇಲೆ ಬಿಟ್ಟು ಹೋಗುವಳು. "ಮುಚ್ಚೇ, ನಿನ್ನ ಕೈಗೇನಾಗಿದೆ?" ಎಂದು ತಾಯಿ ಕೂಗುವಷ್ಟರಲ್ಲಿ ಸ್ನಾನದ ಮನೆಯ ಬಾಗಿಲು ಹಾಕಿಕೊಂಡಿರುತ್ತಿದ್ದಳು.

ಹಾಲಿನ ಪಾಲು ಬದಲಾಯಿತು. ಮಾವ ತಮ್ಮ ಲೋಟವನ್ನು ಸದ್ದಿಲ್ಲದೆ ಮೊಮ್ಮಗಳ ಕಡೆ ದೂಡತೊಡಗಿದರು.

"ಮಾವ, ಡಾಕ್ಟ್ರು ಹೇಳಿದ್ದು ನಿಮಗೆ ಹಾಲು ಕುಡೀರಿ ಅಂತ."

"ಡಾಕ್ಟ್ರೇನು ನಾನೂರು ಮೀಟರ್ ಓಡ್ತಾನಾ?"

ಹಾಲು ಕೊಡಲು ಮನಸ್ಸಿತ್ತು, ಬರಲು ಮಾತ್ರ ಇರಲಿಲ್ಲ. ಸೊಸೆಗೆ ಇದೇ ಅರ್ಥವಾಗುತ್ತಿರಲಿಲ್ಲ. ಸಂಜೆ ಛಾವಣಿಯಲ್ಲಿ ಹಾಡು ಕೇಳುತ್ತ ಕೂತಾಗ ಮಾವ ಹಳೆಯದನ್ನು ನೆನೆಯುತ್ತಿದ್ದರು. ಮಳೆ ಬಂದು ನಾಟಕ ನಿಂತಾಗ ಪಾತ್ರಧಾರಿಗಳೆಲ್ಲ ಅಟ್ಟಣಿಗೆಯ ಕೆಳಗೆ ಬಂದು ಒತ್ತಿಕೊಂಡು ನಿಂತದ್ದು. ಅತ್ತೆ ಕಟ್ಟಿಕೊಟ್ಟ ಬುತ್ತಿಯನ್ನು ರಾಕ್ಷಸನ ವೇಷದವನು ಬಿಚ್ಚಿ ತಿಂದು, "ಅಕ್ಕನ ಕೈಗೆ ಬಂಗಾರದ ಬಳೆ ಹಾಕಿಸಿ ಯಜಮಾನ್ರೇ" ಎಂದದ್ದು. ಹೇಳುತ್ತ ನಗುತ್ತಿದ್ದರು. ನಗು ನಿಂತ ಮೇಲೆ ಮೈದಾನದ ಕಡೆ ನೋಡುತ್ತ ಕೂರುತ್ತಿದ್ದರು. ಕಂಬಗಳ ನಡುವೆ ಹಲಗೆಗಳು ಬಂದವು. ಮೊದಲು ಓಟದ ತಿರುವು ಮುಚ್ಚಿತು, ಆಮೇಲೆ ವೇದಿಕೆ. ಕೊನೆಗೆ ಉಳಿದದ್ದು ಎರಡು ಕಂಬಗಳ ನಡುವಿನ ಒಂದು ಸಂದು. ಆ ಸಂದಿನಲ್ಲಿ ಬೋರ್ಡಿನ ಬೆನ್ನು, ಖಾಲಿ ಅಟ್ಟಣಿಗೆ, ಅದರ ಮೇಲೆ ಪಾರಿವಾಳ.

ಕೂಟಕ್ಕೆ ಕೆಲವೇ ದಿನವಿದ್ದಾಗ ಮಿಡತೆ ಪಾಸುಗಳನ್ನು ತಂದು ಊಟದ ನಡುವೆ ಇಟ್ಟಳು.

"ಒಂದು ತಾತನಿಗೆ, ಒಂದು ಅಮ್ಮನಿಗೆ."

"ನಾನು ಹೇಳಿದ್ದೀನಲ್ಲ ಕಂದ," ಎಂದರು ತಾತ.

"ನೀನು ಬರದಿದ್ರೆ ಅಮ್ಮನೂ ಬರೋ ಹಾಗಿಲ್ಲ. ಅಪ್ಪನಿಗೆ ಡ್ಯೂಟಿ. ಹಾಗಾದ್ರೆ ನಾನು ಯಾರಿಗೋಸ್ಕರ ಓಡ್ಲಿ? ಕಡಲೆಕಾಯಿ ಮಾರೋನಿಗೋಸ್ಕರವಾ?"

"ಲೇ, ದೊಡ್ಡವರ ಹತ್ರ ಹೀಗಾ ಮಾತಾಡೋದು?" ಎಂದ ಅಪ್ಪ.

"ಮತ್ತೆ ಹೇಗೆ ಮಾತಾಡ್ಲಿ? ಬಲ್ಬಿನ ಮೇಲಿನ ಸಿಟ್ಟನ್ನ ನನ್ನ ಮೇಲೆ ಯಾಕೆ ತೀರಿಸ್ಕೊಳ್ತೀಯ ತಾತ? ನಾನೇನು ಹಾಕಿಸಿದ್ನಾ ಬಲ್ಬು? ನಾನು ಓಡೋದೇ ಇಲ್ಲ, ಹೋಗಿ."

ಪಾಸುಗಳನ್ನು ಮುದುಡಿ ಎಸೆದು ಕೆಳಗಿಳಿದು ಹೋದಳು. ಈ ಸಲ ಮೆಟ್ಟಿಲನ್ನು ಹಾರಲಿಲ್ಲ, ಒಂದೊಂದಾಗಿ ಇಳಿದಳು. ಮಾವ ತಟ್ಟೆಯಲ್ಲಿ ಅನ್ನ ಬಿಟ್ಟು ಕೈ ತೊಳೆದರು. ಅನ್ನ ಬಿಟ್ಟು ಏಳುವುದೆಂದರೆ ದೇವರಿಗೆ ಬೆನ್ನು ತೋರಿಸಿದ ಹಾಗೆ ಎಂದು ಎಲ್ಲರಿಗೂ ಹೇಳಿಕೊಡುತ್ತಿದ್ದವರು ಅವರೇ.

*

ಮರುದಿನ ಭಾನುವಾರ. ಬಿಸಿಲು ಇಳಿಯುವ ಹೊತ್ತಿಗೆ ಸೊಸೆ ಒಗೆದ ಬಟ್ಟೆ ತೆಗೆಯಲು ಛಾವಣಿಗೆ ಬಂದಾಗ ಮಾವ ಮೋಟುಗೋಡೆಯ ನೆರಳಿನಲ್ಲಿ ಕೂತಿದ್ದರು. ಅವಳು ಎರಡು ಅಂಗಿ ತೆಗೆದಳು, ಮೂರನೆಯದಕ್ಕೆ ಕೈ ಹಾಕಿ ಹಾಗೇ ನಿಂತಳು.

"ಮಾವ, ನಾನು ಈ ಮನೆಗೆ ಬಂದ ಮೇಲೆ ನಿಮಗೆ ಒಂದು ಎದುರು ಮಾತಾಡಿಲ್ಲ."

"ಇಲ್ಲ ತಾಯಿ."

"ಇವತ್ತು ಆಡ್ತೀನಿ. ಆ ಹುಡುಗಿ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಬೋರ್ಡಿಗೆ ದೀಪ ಹಾಕಿದ್ದು ಅವರ ತಪ್ಪೇ ಇರ್ಲಿ. ಅದಕ್ಕೆ ಮನೆ ಮಗು ಓಡೋದನ್ನೂ ನೋಡಬಾರದು ಅನ್ನುವಷ್ಟು ಹಟ ಯಾಕೆ?"

ಕೆಳಗೆ ಬೀದಿಯಲ್ಲಿ ಐಸ್‌ಕ್ರೀಮ್ ಗಾಡಿಯ ಗಂಟೆ ಹಾದುಹೋಯಿತು.

"ದೀಪಕ್ಕೂ ನನಗೂ ಏನು ಜಗಳ?" ಎಂದರು ಮಾವ. "ದೀಪ ಒಳ್ಳೇದೇ. ಮಳೇಲಿ ನೆನೆಯೋ ಕಷ್ಟ ಇಲ್ಲ. ನಾನು ಬಿಟ್ಟದ್ದು ದೀಪ ಬರೋ ಮೊದಲೇ ಅಲ್ವಾ? ಯಾರೂ ಯೋಚನೆ ಮಾಡ್ಲಿಲ್ಲ. ಮಾಡದಿದ್ದದ್ದೇ ಒಳ್ಳೇದಾಯ್ತು ಅಂತ ಸುಮ್ಮನಾದೆ."

"ಮತ್ತೆ ಯಾಕೆ ಬಿಟ್ರಿ?"

"ನಿಮ್ಮತ್ತೆ ಹೋಗಿ ಎರಡು ತಿಂಗಳಾಗಿತ್ತು. ಆ ವರ್ಷದ ಮೊದಲ ಓಟ. ಜನ ಕೂಗಿದ್ರು, ಕೆಳಗಿಂದ ಅಂಕಿ ಹೇಳಿದ್ರು, ನಾನು ತಗಡು ತಗೊಂಡು ಈ ಕಡೆ ತಿರುಗಿ ಎತ್ತಿದೆ. ಕೈ ತಾನೇ ತಿರುಗಿತಮ್ಮ, ನಾನು ತಿರುಗಿಸ್ಲಿಲ್ಲ. ಎತ್ತಿದೋನು ಟವೆಲು ಬೀಸ್ಲಿ ಅಂತ ಕಾಯ್ತಾ ನಿಂತುಬಿಟ್ಟೆ. ಇನ್ನೂ ಬರ್ಲಿಲ್ಲ, ಒಲೆ ಮೇಲೆ ಏನೋ ಇಟ್ಟಿರ್ಬೇಕು, ಬರ್ತಾಳೆ ಅಂತ. ಮುಂದೆ ಬೋರ್ಡು ಖಾಲಿ. ಗ್ರೌಂಡೆಲ್ಲ ಸಿಳ್ಳೆ ಹಾಕ್ತು, ಕೂಗ್ತು, ಬೈತು. ನನಗೆ ಕೇಳಿಸ್ಲೇ ಇಲ್ಲ. ಕೊನೆಗೆ ವಾಚ್‌ಮನ್ ಹತ್ತಿ ಬಂದು ಭುಜ ಹಿಡ್ಕೊಂಡ. 'ಅಜ್ಜ, ಯಾರಿಗೆ ತೋರಿಸ್ತಿದ್ದೀರಾ?' ಅಂದ." ಅವರು ಕಣ್ಣು ಒರೆಸಿಕೊಳ್ಳಲಿಲ್ಲ, ಟೊಪ್ಪಿ ತೆಗೆದು ತಲೆ ಒರೆಸಿಕೊಂಡರು. "ಮೇಲಿನವರು ಏನೂ ಅನ್ಲಿಲ್ಲ. ಮನೆಗೆ ಹೋಗಿ ಸುಧಾರಿಸ್ಕೊಳ್ಳಿ ಅಂದ್ರು. ನಾನೇ ಮತ್ತೆ ಕೆಲಸಕ್ಕೆ ಹೋಗ್ಲಿಲ್ಲ. ಆ ಗ್ರೌಂಡಲ್ಲಿ ಎಲ್ಲಿ ನಿಂತ್ರೂ ನನ್ನ ಕತ್ತು ಈ ಕಡೆ ತಿರುಗುತ್ತಮ್ಮ. ತಿರುಗಿ ನೋಡಿದ್ರೆ ಛಾವಣಿ ಖಾಲಿ. ಇಲ್ಲಿ ನಾನು ನಿಂತಿದ್ರೆ ಖಾಲಿ ಅನ್ಸಲ್ಲ."

ಸೊಸೆಯ ಕೈಯಲ್ಲಿ ಅಂಗಿ ಹಾಗೇ ಇತ್ತು. ಆ ದಿನ ಅವಳಿಗೆ ನೆನಪಿತ್ತು. ಅಕ್ಕಿ ತೊಳೆಯುತ್ತಿದ್ದಳು. ಕಿಟಕಿಯಿಂದ ಸಿಳ್ಳೆ, ಕೂಗು, ನಿಲ್ಲದೆ ಕೇಳಿಬಂದಿತ್ತು. ಯಾರೋ ಬಿದ್ದಿರಬೇಕು ಪಾಪ ಎಂದುಕೊಂಡು ಅಕ್ಕಿಯ ನೀರು ಬಗ್ಗಿಸಿದ್ದಳು. ಮೆಟ್ಟಿಲು ಹತ್ತಿ ಬರಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಹೊಳೆಯುವುದಾದರೂ ಹೇಗೆ? ಆ ಟವೆಲು ಅವರಿಬ್ಬರದಾಗಿತ್ತು.

ಅವಳು ಉಳಿದ ಬಟ್ಟೆಯನ್ನೆಲ್ಲ ತೆಗೆದು ಮಡಚಿದಳು. ಕಷ್ಟದ ಮಾತಿಗೆ ಕೂಡಲೇ ಉತ್ತರ ಕೊಡುವ ಅಭ್ಯಾಸ ಅವಳಿಗಿರಲಿಲ್ಲ. ಕೈ ಕೆಲಸ ಮಾಡುತ್ತಿದ್ದರೆ ದೇವರು ದಾರಿ ತೋರಿಸುತ್ತಾನೆಂದು ನಂಬಿದವಳು.

"ಮಾವ," ಎಂದಳು ಕೊನೆಗೆ, "ಆ ಹಳದಿ ಟವೆಲು ಎಲ್ಲಿದೆ?"

"ನನ್ನ ತಲೆದಿಂಬಿನ ಕವರಿನೊಳಗೆ."

"ಸರಿ. ನೀವು ಗ್ರೌಂಡಿಗೆ ಬರೋದು ಬೇಡ. ಇಲ್ಲೇ ಇರಿ. ಛಾವಣಿ ಖಾಲಿ ಬೀಳೋದು ಬೇಡ." ಅವಳು ಸಂದಿನ ಕಡೆ ಕೈ ತೋರಿದಳು. "ಅಲ್ಲಿ ನಾನು ನಿಲ್ತೀನಿ."

ಮಾವ ಅವಳನ್ನೇ ನೋಡಿದರು. "ನೀನಾ? ಅಟ್ಟಣಿಗೆ ಮೇಲಾ? ಏಣಿ ನೆಟ್ಟಗಿದೆ ಅಂದ್ಕೊಂಡ್ಯಾ?"

"ದಿನಾ ಅನ್ನದ ಪಾತ್ರೆ ಹೊತ್ತು ಛಾವಣಿ ಹತ್ತೋಳಿಗೆ ಏಣಿ ಒಂದು ಲೆಕ್ಕವಾ? ಆದ್ರೆ ನೀವು ಒಬ್ಬರೇ ಇರ್ಬೇಕಾಗುತ್ತಲ್ಲ..."

"ನಾನೇನು ಒಲೆ ಮೇಲಿಟ್ಟ ಹಾಲಾ, ನೀನು ಬೆನ್ನು ತಿರುಗಿಸಿದ ಕೂಡ್ಲೇ ಉಕ್ಕೋಕೆ?" ಅವರ ದನಿ ಎಷ್ಟೋ ವರ್ಷಗಳ ಹಿಂದಿನದಾಯಿತು. "ಬೆಳಿಗ್ಗೆ ಮಗ ಡ್ಯೂಟಿಗೆ ಹೋಗೋ ಮೊದಲು ನನ್ನ ಮೇಲಕ್ಕೆ ಹತ್ತಿಸ್ಲಿ. ನೀವೆಲ್ಲ ಬರೋ ತನಕ ಮೆಟ್ಟಿಲ ಕಡೆ ತಲೆ ಹಾಕಲ್ಲ. ದೇವರಾಣೆ."

ಅಂದು ರಾತ್ರಿಯೂಟವಾದ ಮೇಲೆ ಅಡುಗೆಮನೆಯ ಮುಚ್ಚಳಗಳೆಲ್ಲ ಛಾವಣಿಗೆ ಬಂದವು. ಮುದುಡಿದ ಪಾಸುಗಳನ್ನು ಮಿಡತೆ ಇಸ್ತ್ರಿ ಹಾಕಿ ನೆಟ್ಟಗೆ ಮಾಡಿದ್ದಳು. ಮುಖ ಮಾತ್ರ ಇನ್ನೂ ಗಂಟು ಹಾಕಿಕೊಂಡೇ ಗೋಡೆಗೊರಗಿ ನೋಡುತ್ತಿದ್ದಳು. ಮಾವ ಸೊಸೆಗೆ ಪಾಠ ಹೇಳಿಕೊಟ್ಟರು.

"ಎದೆ ಹತ್ರ ಅಲ್ಲ, ತಲೆ ಮೇಲೆ. ಅಲ್ಲಾಡಿಸ್ಬೇಡ, ಅಲ್ಲಾಡಿಸಿದ್ರೆ ಮೂರು ಎಂಟಾಗಿ ಕಾಣುತ್ತೆ. ಮೊದಲು ಬಂದೋರದು ಮೊದಲು, ಆಮೇಲೆ ಎರಡನೇದು, ಆಮೇಲೆ ಮೂರನೇದು. ನಾಲ್ಕನೆಯೋರಿಗೆ ಬೋರ್ಡಲ್ಲಿ ಜಾಗ ಇಲ್ಲ. ನಮ್ಮವರು ಅಂತ ಮೊದಲೇ ಎತ್ತೋ ಹಾಗಿಲ್ಲ."

"ಎತ್ತಲ್ಲ ಮಾವ."

"ಟವೆಲು ಬೀಸಿ ನಿಲ್ಲೋ ತನಕ ತಗಡು ಇಳಿಸ್ಬೇಡ. ಬೀಸೋದು ನಿಂತ್ರೆ ಕಂಡಾಯ್ತು ಅಂತ. ಇದೊಂದು ಮರೀಬೇಡ."

"ಅಮ್ಮ ಸೊಂಟ ನೆಟ್ಟಗೆ ಮಾಡಮ್ಮ," ಎಂದಳು ಮಿಡತೆ, ತಡೆಯಲಾರದೆ. "ಬುಟ್ಟಿ ಹೊತ್ತ ಹಾಗಿದ್ದೀಯ."

*

ಕೂಟದ ದಿನ ಅಡುಗೆಮನೆಯ ಪಾತ್ರೆಗಳೆಲ್ಲ ಬಾಯಿ ತೆರೆದುಕೊಂಡಿದ್ದವು. ಸೊಸೆ ಒಂದರಿಂದ ಎಂಟರವರೆಗಿನ ತಗಡುಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹೊರಟಳು. ಹೆಗಲ ಮೇಲೆ ಅವು ಖಣಖಣ ಎನ್ನುತ್ತಿದ್ದವು.

ಗೇಟಿನ ವಾಚ್‌ಮನ್ ಚೀಲ ಬಿಚ್ಚಿಸಿದ. ತಗಡುಗಳನ್ನು ನೋಡಿದ, ಅವಳ ಮುಖ ನೋಡಿದ. ಮೀಸೆ ಬೆಳ್ಳಗಾದ ಮನುಷ್ಯ.

"ಇವು ನಮ್ಮ ತಗಡಜ್ಜಂದಲ್ವಾ?"

"ನಾನು ಅವರ ಸೊಸೆ ಅಣ್ಣ. ಮಗಳು ಓಡ್ತಿದ್ದಾಳೆ. ಅಟ್ಟಣಿಗೆ ಮೇಲೆ ಒಂದು ಗಳಿಗೆ ನಿಲ್ಲೋಕೆ ಬಿಡ್ತೀರಾ? ಮಾವ ಛಾವಣಿ ಮೇಲೆ ಕಾಯ್ತಿದ್ದಾರೆ."

ಭುಜ ಹಿಡಿದಿದ್ದವನು ಇವನೇ ಎಂದು ಅವಳಿಗೆ ಕೇಳದೆಯೇ ಗೊತ್ತಾಯಿತು. ಅವನು ಚೀಲದ ಬಾಯಿ ಕಟ್ಟಿ ಅವಳ ಕೈಗೆ ಕೊಟ್ಟ. "ಪಾರಿವಾಳ ಗಲೀಜು ಮಾಡಿದಾವೆ, ಹುಷಾರಾಗಿ ಹತ್ತಮ್ಮ. ಓಟ ನೋಡೋದಿದ್ರೆ ಬೋರ್ಡಿನ ಈ ಪಕ್ಕದಲ್ಲಿ ನಿಂತ್ಕೋ. ಗೆರೆ ಇಲ್ಲೇ ಕೆಳಗೆ."

ಅವಳು ಬೋರ್ಡಿನ ಪಕ್ಕಕ್ಕೆ ಬಂದು ನಿಂತಾಗ ಮೊದಲು ಕಂಡದ್ದು ಓಟದ ದಾರಿಯಲ್ಲ, ಮುಖಗಳು. ಸಾಲು ಸಾಲಾಗಿ ಮೇಲೆ ಮೇಲೆ ಸಾವಿರಾರು ಮುಖಗಳು. ಬೇಸಿಗೆಯಿಂದ ಬೇಸಿಗೆಗೆ ಈ ಜಾಗದ ಬೆನ್ನನ್ನೇ ನೋಡಿದವಳಿಗೆ ಇದಕ್ಕೊಂದು ಮುಖವಿದೆಯೆಂಬುದೇ ಮರೆತುಹೋಗಿತ್ತು. ಬೀಸಣಿಗೆ ಬೀಸುವವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಕಲ್ಲಂಗಡಿ ತಿನ್ನುವವರು. ಅವಳಿಗೆ ಸುಮ್ಮನೆ ನಗು ಬಂತು.

ಪಿಸ್ತೂಲು ಢಂ ಎಂದಿತು. ಮೂರನೇ ಲೇನಿನಲ್ಲಿ ಮಿಡತೆ. ತಾಯಿಯೇ ಸೊಂಟ ಹಿಡಿಸಿಕೊಟ್ಟಿದ್ದ ನೀಲಿ ಚಡ್ಡಿ. ಮೊದಲ ತಿರುವಿನಲ್ಲಿ ಹಿಂದೆ ಬಿದ್ದಳು. ಎದುರಿನ ಬದಿಯಲ್ಲಿ ಎಲ್ಲರೂ ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಕಂಡರು. ಕೊನೆಯ ತಿರುವಿನಲ್ಲಿ, ಛಾವಣಿಯಿಂದ ಅವರು ಸದಾ ನೋಡುತ್ತಿದ್ದ ಅದೇ ತಿರುವಿನಲ್ಲಿ, ಹುಡುಗಿ ಒಬ್ಬೊಬ್ಬರನ್ನೇ ದಾಟತೊಡಗಿದಳು. ತಾಯಿ ಚೀಲವನ್ನು ಎದೆಗೆ ಅವಚಿಕೊಂಡಳು. ಇಷ್ಟು ದಿನ ಈ ಜಾಗಕ್ಕೆ ಬರುವಷ್ಟರಲ್ಲಿ ಓಟ ಬೋರ್ಡಿನ ಮರೆಗೆ ಹೋಗುತ್ತಿತ್ತು. ಇವತ್ತು ಹೋಗಲಿಲ್ಲ. ಅವಳ ಕಣ್ಣ ಮುಂದೆಯೇ, ಹಲ್ಲು ಕಚ್ಚಿಕೊಂಡು, ಕತ್ತು ಮುಂದೆ ಚಾಚಿ, ಮಗಳು ಗೆರೆಯ ಮೇಲೆ ಬಿದ್ದಳು.

"ಎಷ್ಟನೆಯವಳು? ಅಣ್ಣ, ಎಷ್ಟನೆಯವಳು?"

ವಾಚ್‌ಮನ್ ಗೆರೆಯ ಬಳಿ ಹೋಗಿ ಕೇಳಿಕೊಂಡು ಓಡಿ ಬಂದ. "ಆರು ಮೊದಲು. ಒಂದು ಎರಡನೇದು. ಮೂರು..." ಅವನ ಮೀಸೆ ನಕ್ಕಿತು. "ಮೂರು ಮೂರನೇದು ತಾಯಿ! ಕೂದಲೆಳೆಯಲ್ಲಿ!"

ಅವಳು ಏಣಿ ಹತ್ತಿದ್ದು ಹೇಗೋ. ಪಾರಿವಾಳಗಳು ಪಟಪಟನೆ ಎದ್ದು ಹೋದವು. ಅಟ್ಟಣಿಗೆಯ ಮೇಲೆ ನಿಂತು ಅವಳು ತನ್ನ ಮನೆಯ ಕಡೆ ತಿರುಗಿದಳು. ಎರಡು ಕಂಬಗಳ ನಡುವೆ, ರಸ್ತೆಯಾಚೆ, ಅವಳು ದಿನಾ ಬಟ್ಟೆ ಒಣಹಾಕುವ ಛಾವಣಿ. ಎಷ್ಟು ಸಣ್ಣದು! ಅದರ ಅಂಚಿನಲ್ಲಿ ಇನ್ನೂ ಸಣ್ಣದಾಗಿ ಒಬ್ಬ ಮನುಷ್ಯ. ಇಷ್ಟು ದೂರದಿಂದ, ಇಷ್ಟು ಕಿರಿದಾಗಿ ಕಾಣುತ್ತಿದ್ದ ಒಬ್ಬಳಿಗಾಗಿ ಮಾವ ಒಂದು ಆಯುಷ್ಯವಿಡೀ ಇಲ್ಲಿಂದ ತಿರುಗಿ ನೋಡಿದ್ದರು.

ಹಿಟ್ಟಿನ ಡಬ್ಬದ ಮೇಲಿನ ಆರನ್ನು ತೆಗೆದು ತಲೆಯ ಮೇಲೆ ಎತ್ತಿದಳು. ಸೊಂಟ ನೆಟ್ಟಗೆ ಮಾಡಿಕೊಂಡಳು. ಛಾವಣಿಯ ಮೇಲೆ ಹಳದಿ ಟವೆಲು ಬೀಸಿತು, ನಿಂತಿತು. ಇಳಿಸಿದಳು. ಒಂದನ್ನು ಎತ್ತಿದಳು. ಟವೆಲು ಬೀಸಿತು, ನಿಂತಿತು. ಈ ಸಲ ಸ್ವಲ್ಪ ನಿಧಾನವಾಗಿ, ಆಸೆ ಬಿಟ್ಟವರ ಹಾಗೆ. ಇಳಿಸಿದಳು.

ಆಮೇಲೆ ನೀರಿನ ಕೊಳಗದ ಮೇಲಿನ ಮೂರನ್ನು ತೆಗೆದಳು. ಮಗಳು ಬೆಳಗಿನ ಹೊತ್ತು ಎತ್ತಿ ನೆಲದ ಮೇಲೆ ಬಿಸಾಡಿ ಬಿಸಾಡಿ ಅದರ ಅಂಚು ನಜ್ಜುಗುಜ್ಜಾಗಿತ್ತು. ಎರಡೂ ಕೈಯಲ್ಲಿ ಹಿಡಿದು, ಅಲ್ಲಾಡಿಸದೆ, ತಲೆಯ ಮೇಲೆ ಎತ್ತಿದಳು.

ಛಾವಣಿಯ ಮೇಲೆ ಏನೂ ಅಲ್ಲಾಡಲಿಲ್ಲ. ಕಾಣಿಸ್ಲಿಲ್ಲವಾ? ಬಿದ್ದರಾ? ಅಷ್ಟರಲ್ಲಿ ಟವೆಲು ಮೇಲೆದ್ದಿತು. ಈಗ ಎರಡು ಕೈಯಲ್ಲೂ ಹಿಡಿದು ಬೀಸುತ್ತಿದ್ದರು, ಎಡಕ್ಕೂ ಬಲಕ್ಕೂ, ತಲೆಯ ಸುತ್ತಲೂ. ಇಡೀ ಮೈದಾನ ಬೋರ್ಡಿನಲ್ಲಿ ದೀಪ ಹೊತ್ತುವುದನ್ನು ಇನ್ನೂ ಕಾಯುತ್ತಿತ್ತು.

"ಅಮ್ಮಾ!" ಕೆಳಗಿನಿಂದ ಮಿಡತೆಯ ಕೂಗು, ಏದುಸಿರಿನ ನಡುವೆ. "ತಾತ ನೋಡಿದ್ರಾ?"

"ನೋಡಿದ್ರು ಕಣೇ!"

"ಹಾಗಾದ್ರೆ ಇಳಿದು ಬಾರಮ್ಮ! ಕೈ ನೋಯಲ್ವಾ?"

ನೋಯುತ್ತಿತ್ತು. ಆದರೆ ಟವೆಲು ನಿಲ್ಲುವ ತನಕ ತಗಡು ಇಳಿಸಬಾರದೆಂದು ಮಾವನೇ ಹೇಳಿಕೊಟ್ಟಿದ್ದರು. ಟವೆಲು ನಿಲ್ಲಲಿಲ್ಲ. ಅವಳೂ ಇಳಿಸಲಿಲ್ಲ.